ನೀರಿದ್ದ ಕಡೆ

ಅಂಗಿಯ ಮೇಲೆ ಹಾಕಿಕೊಳ್ಳಲು ಕೊಟ್ಟಿದ್ದ ಹದಿನೇಳನೇ ನಂಬರಿನ ಹಳದಿ ಬಿಬ್ಬು ಮಾದಪ್ಪನ ಹೊಟ್ಟೆಗೆ ಬಿಗಿಯಾಗಿತ್ತು. ಇಪ್ಪತ್ತು, ಇಪ್ಪತ್ತೆರಡರ ಹುಡುಗರ ಅಳತೆಗೆ ಹೊಲಿದದ್ದು ಅದು. ಐವತ್ತು ತುಂಬಿದವನೊಬ್ಬ ಫುಟ್‌ಬಾಲ್ ಕೋಚುಗಳ ಡಿ ಲೈಸೆನ್ಸ್ ಪರೀಕ್ಷೆಗೆ ಬಂದು ಕೂರುತ್ತಾನೆಂದು ಹೊಲಿದವನಿಗೆ ಹೇಗೆ ಗೊತ್ತಾಗಬೇಕು. ಸೇಲಂ ಹೊರವಲಯದ ಒಂದು ಕಾಲೇಜಿನ ಮೈದಾನದ ಅಂಚಿನಲ್ಲಿ, ಬೇವಿನ ಮರದ ಕೆಳಗೆ ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲೊಂದರ ಮೇಲೆ ಅವನು ಬಲಗಾಲನ್ನು ನೀಳವಾಗಿ ಚಾಚಿಕೊಂಡು ಕೂತಿದ್ದ. ಮಡಿಸಿ ಕೂತರೆ ಏಳುವಾಗ ಮೊಣಕಾಲು ಲಟಕ್ಕೆನ್ನುತ್ತದೆ, ಪಕ್ಕದ ಹುಡುಗರು ತಿರುಗಿ ನೋಡುತ್ತಾರೆ. ಬೆಳಿಗ್ಗೆ ಹೆಂಡತಿ ಮುನಿಲಕ್ಷ್ಮಿ ಹರಳೆಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಮೊಣಕಾಲಿಗೆ ಕಟ್ಟುತ್ತಾ, "ಪರೀಕ್ಸೆ ತಲೇಗೆ ಕನಾ, ಕಾಲ್ಗಲ್ಲ. ಸುಮ್ಕೆ ಓಡ್ಬ್ಯಾಡಿ" ಎಂದಿದ್ದಳು. ಐದು ದಿನದಿಂದ ಇದೇ ಪಾಡು: ನಸುಕಿಗೇ ಮೆಟ್ಟೂರಿನ ಬಸ್ಸು, ಓಮಲೂರಿನಲ್ಲಿ ಒಂದು ಟೀ, ಇಲ್ಲಿ ಬಂದರೆ ಹಲಗೆಯ ಮೇಲೆ ಬಾಣದ ಗುರುತುಗಳು. ಇವತ್ತು ಆರನೆಯ ದಿನ, ಕೊನೆಯದು. ಒಬ್ಬೊಬ್ಬರೂ ಇಪ್ಪತ್ತು ನಿಮಿಷ ಮಕ್ಕಳಿಗೆ ಆಟ ಕಲಿಸಿ ತೋರಿಸಬೇಕು. ಪಾಸಾದರೆ ಜೂನಿನ ನಂತರವೂ ಅವನು ಮೆಟ್ಟೂರಿನ ಶಾಲೆಗೆ ಕೋಚು, ಇಲ್ಲದಿದ್ದರೆ ಇಲ್ಲ. ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್ ಅದನ್ನು ಬಹಳ ಮೆತ್ತಗೆ, ಟೀ ತರಿಸಿಕೊಟ್ಟು ಹೇಳಿದ್ದರು. ಬೈದಿದ್ದರೆ ವಾಸಿಯಿತ್ತು.

ಪರೀಕ್ಷೆಯ ಭಯ ಅವನಿಗೆ ಅಷ್ಟಿರಲಿಲ್ಲ. ಭಯವಿದ್ದದ್ದು ಪರೀಕ್ಷೆ ಮಾಡುವವನದು. ಅಗೋ, ಬಿಳಿ ಗೆರೆಯ ಮೇಲೆ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದಾನಲ್ಲ, ಗೋಪಿನಾಥ್, ಅವನು ಹದಿನೆಂಟು ವರ್ಷದ ಹಿಂದೆ ಒಂದು ವರ್ಷ ಮಾದಪ್ಪನ ಟೀಮಿನಲ್ಲಿ ಆಡಿದವನು. ಜಿಲ್ಲೆಗೆ ಹೆಸರು ಕಳಿಸುವಾಗ ಮಾದಪ್ಪ ಅವನನ್ನು ಕೈಬಿಟ್ಟಿದ್ದ. ಆಮೇಲೆ ಅವನು ಚೆನ್ನೈಗೆ ಹೋದನಂತೆ, ಅಲ್ಲಿ ಯಾವುದೋ ಕ್ಲಬ್ಬಿಗೆ ಆಡಿದನಂತೆ, ಈಗ ಕೋಚುಗಳಿಗೇ ಕೋಚು. ಮೊದಲ ದಿನ ಹಾಜರಿ ಕೂಗುವಾಗ "ಮಾದಪ್ಪ ಸಾರ್, ಮೆಟ್ಟೂರು" ಎಂದು ಓದಿ, ತಲೆಯೆತ್ತಿ, ಎಲ್ಲರಿಗೂ ನಕ್ಕಷ್ಟೇ ನಕ್ಕು ಮುಂದಿನ ಹೆಸರಿಗೆ ಹೋಗಿದ್ದ. ಗುರುತು ಸಿಕ್ಕಿತೋ ಇಲ್ಲವೋ? ಸಿಕ್ಕಿದ್ದರೆ ಯಾಕೆ ಮಾತಾಡಿಸಲಿಲ್ಲ? ಸಿಗದಿದ್ದರೆ, ಉಳಿದವರನ್ನೆಲ್ಲ ತಂಬಿ ಎನ್ನುವವನು ತನ್ನನ್ನು ಮಾತ್ರ ಯಾಕೆ ಸಾರ್ ಎಂದ? ವಯಸ್ಸು ನೋಡಿ ಅಂದಿರಬಹುದು, ನರೆತ ಮೀಸೆ ನೋಡಿ ಯಾರಾದರೂ ಅನ್ನುತ್ತಾರೆ. ತಾನೇ ಹೋಗಿ ನಾನಪ್ಪಾ ನಿನ್ನ ಹಳೇ ಕೋಚು ಎಂದರೆ ಮಾರ್ಕಿಗೆ ಕೈಯೊಡ್ಡಿದಂತೆ. ಹೇಳದಿದ್ದರೆ ಮುಖ ಮರೆಸಿಕೊಂಡಂತೆ. ಈ ಎರಡರ ನಡುವೆ ತೂಗಾಡುವುದರಲ್ಲೇ ಐದು ದಿನ ಕಳೆದುಹೋಗಿತ್ತು. ಅಷ್ಟರಲ್ಲಿ ಅವನೂ ಗೋಪಿನಾಥನನ್ನು ಸಾರ್ ಎಂದು ಕರೆಯಲು ಶುರುಮಾಡಿದ್ದ. ಪ್ರತಿ ಸಲವೂ ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಗಲುತ್ತಿತ್ತು.

ಮಾದಪ್ಪ ಆಟ ಕಲಿತದ್ದು ಇಂಥ ಮೈದಾನದಲ್ಲಲ್ಲ. ಪೆನ್ನಾಗರಂ ತಾಲ್ಲೂಕಿನ ಅವನ ಊರಿನ ಮಗ್ಗುಲಿಗೇ ಮೆಟ್ಟೂರು ಅಣೆಕಟ್ಟಿನ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದು ಬಿಟ್ಟುಕೊಟ್ಟ ಮಣ್ಣೇ ಗ್ರೌಂಡು. ದೊಡ್ಡವರು ಅಲ್ಲಿ ಎಳ್ಳು ಚೆಲ್ಲುವುದರೊಳಗೆ ಹುಡುಗರು ಕೋಲು ನೆಟ್ಟು ಆಡಿ ಮುಗಿಸಬೇಕು. ಬಲಗಡೆ ಗಟ್ಟಿ ನೆಲ, ಎಡಗಡೆ ನೀರು, ನೀರಿನಾಚೆ ಪಾಲಮಲೆ. ಹಾಫ್‌ಟೈಮಿಗೆ ಕಡೆ ಬದಲಾಯಿಸುವ ಶಾಸ್ತ್ರವೆಲ್ಲ ಅಲ್ಲಿರಲಿಲ್ಲ. ಅವನ ಊರಿನವರು ಯಾವತ್ತೂ ಹುಣಸೆಮರದ ಕಡೆಗೇ ಗೋಲು ಹೊಡೆಯುವವರು. ಚೆಂಡು ಎಡಕ್ಕೆ ಹೋದರೆ ನೀರುಪಾಲು, ಆಟ ನಿಂತಂತೆ. ಹಾಗಾಗಿ ಯಾರೂ ಎಡಕ್ಕೆ ಒದೆಯುತ್ತಿರಲಿಲ್ಲ. ಆಟ ಬಾರದವನನ್ನು, ಸಣ್ಣವನನ್ನು, ನೆಂಟರ ಮನೆಗೆಂದು ಬಂದವನನ್ನು ಆ ಕಡೆ ನಿಲ್ಲಿಸುತ್ತಿದ್ದರು, ಚೆಂಡು ಬಿದ್ದರೆ ಎತ್ತಿಕೊಡಲಿ ಎಂದು. ಮಾದಪ್ಪ ಬಲಗಡೆಯ ಅಂಚಿನಲ್ಲಿ ಓಡಿ ಓಡಿಯೇ ದೊಡ್ಡವನಾದ. ಆ ಓಟ ನೋಡಿ ಮೆಟ್ಟೂರಿನ ಮಿಲ್ಲೊಂದರ ಟೀಮಿನವರು ಕರೆದುಕೊಂಡರು, ಕೆಲಸ ಕೊಟ್ಟರು, ಒಂಬತ್ತು ವರ್ಷ ಆಡಿಸಿದರು. ಗೇಟಿನ ವಾಚ್‌ಮನ್ ಕೂಡ ರೈಟ್ ವಿಂಗ್ ಬಂದ ಎಂದು ಸಲಾಮು ಹೊಡೆಯುವಂಥ ಕಾಲ ಅದು. ಒಂದೇ ಒಂದು ಸಲ ಚೆನ್ನೈಯಲ್ಲಿ ರಾಜ್ಯದ ಕ್ಯಾಂಪಿಗೆ ಹೆಸರು ಬಂತು. ಅಲ್ಲಿಯ ಕೋಚು ಎಲ್ಲಿಂದಲೋ ಬಂದವರು, ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ. ಅವರು ಏನೋ ಕೂಗುವರು, ಎಲ್ಲರೂ ಓಡುವರು, ಮಾದಪ್ಪ ನಿಂತಿರುವನು. ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಕೈಗೆ ಕೊಟ್ಟ ಕಾಗದವನ್ನು ಮಿಲ್ಲಿನ ಗುಮಾಸ್ತ ಓದಿ ಹೇಳಿದ: ನೋ ಗೇಮ್ ಸೆನ್ಸ್, ಆಟದ ತಲೆಯಿಲ್ಲ. ಮಾದಪ್ಪನಿಗೆ ಬಾಯಿಪಾಠವಾದ ಮೊದಲ ಇಂಗ್ಲಿಷ್ ಮಾತು ಅದೇ.

ಆಮೇಲೆ ಮೊಣಕಾಲು ಹೋಯಿತು, ಮಿಲ್ಲಿನವರು ಟೀಮು ಮುಚ್ಚಿದರು, ಅವನು ಹಿನ್ನೀರಿನ ಊರುಗಳ ಹುಡುಗರನ್ನು ಸೇರಿಸಿಕೊಂಡು ಕೋಚಾದ. ಕೋಚಾಗಿ ಅವನ ದೊಡ್ಡ ಜಾಣತನ ಯಾವುದೆಂದರೆ ಕನ್ನಡ. ಹುಡುಗರೆಲ್ಲ ಮನೆಯಲ್ಲಿ ಕನ್ನಡದವರು. ಸೇಲಂ ಲೀಗಿನಲ್ಲಿ ಎದುರಿನವರಿಗೆ ಅದರ ಗಂಧಗಾಳಿ ಇಲ್ಲ. ಗೆರೆಯಾಚೆ ನಿಂತು "ಪಳನೀ, ಅವ್ನು ಸುಸ್ತಾಗವ್ನೆ, ಅವನ್ ಮ್ಯಾಲೇ ಓಗ್ಲಾ" ಎಂದು ಕೂಗಿದರೆ ಆ ಸುಸ್ತಾದವನಿಗೇ ತಿಳಿಯದು. ಎದುರಾಳಿ ಕೋಚುಗಳು ರೆಫರಿಗೆ ದೂರು ಕೊಟ್ಟದ್ದೂ ಉಂಟು. ಕನ್ನಡವೆಂದರೆ ಮಾದಪ್ಪನಿಗೆ ಬಾಗಿಲು ಹಾಕಿಕೊಂಡು ಮಾತಾಡುವ ಕೋಣೆ. ಆ ಕೋಣೆಯೊಳಕ್ಕೆ, ತಿರುಚ್ಚಿಯಿಂದ ವರ್ಗವಾಗಿ ಮೆಟ್ಟೂರಿನ ಪವರ್‌ಹೌಸಿಗೆ ಬಂದ ಒಬ್ಬರ ಮಗ, ಹದಿನೈದರ ತೆಳ್ಳನೆಯ ಗೋಪಿನಾಥ, ಹೊಸ ಬೂಟು ಹಾಕಿಕೊಂಡು ಬಂದಿದ್ದ. ಮಾದಪ್ಪ ಅವನನ್ನು ಲೆಫ್ಟ್ ವಿಂಗಿಗೆ ಹಾಕಿದ. ಹುಡುಗ ನಿಂತ. ಆಟ ಬಲಗಡೆಯೇ ನಡೆಯುತ್ತಿತ್ತು, ಕೂಗೂ ಬಲಗಡೆಗೇ ಹೋಗುತ್ತಿತ್ತು, ಹುಡುಗ ನಿಂತೇ ಇರುತ್ತಿದ್ದ. ಒಂದು ಸಂಜೆ ಯಾರೋ ಅವನ ಜಾಗ ಬದಲಿಸೋಣವೇ ಎಂದಾಗ ಮಾದಪ್ಪ, "ಆ ತಮಿಳ್ ಉಡುಗನ್ನ ಅಲ್ಲೇ ಬುಟ್ಬುಡು. ಬಾವುಟದ ಕೋಲು ಇದ್ದಂಗೆ ಇರ್ತಾನೆ" ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಹುಡುಗನೂ ನಕ್ಕಿದ್ದ. ನಕ್ಕದ್ದು ಈಗ, ಈ ಕುರ್ಚಿಯ ಮೇಲೆ ಕೂತಿರುವಾಗ, ಯಾಕೆ ಇಷ್ಟು ಸ್ಪಷ್ಟವಾಗಿ ನೆನಪಾಗಬೇಕೋ ಮಾದಪ್ಪನಿಗೆ ತಿಳಿಯಲಿಲ್ಲ. ವರ್ಷದ ಕೊನೆಗೆ ಜಿಲ್ಲೆಯವರು ಕಳಿಸಿದ ಫಾರಂನಲ್ಲಿ ಪ್ರತಿ ಹುಡುಗನ ಹೆಸರಿನ ಮುಂದೆ ಏನಾದರೂ ಬರೆಯಬೇಕಿತ್ತು. ಗೋಪಿನಾಥನ ಮುಂದೆ ಬರೆಯಲು ಯಾವ ಮಾತೂ ಹೊಳೆಯದೆ, ತನಗೆ ಬಾಯಿಪಾಠವಿದ್ದ ಇಂಗ್ಲಿಷನ್ನೇ ಅಕ್ಷರ ಕೂಡಿಸಿ ಬರೆದಿದ್ದ.

"ಸಾರ್, ನಿಮ್ಮ ಚೀಟೀಲಿ ಏನು ಬಂತು?" ಎಂದು ಪಕ್ಕದ ಕುರ್ಚಿಯ ಭರತ್ ಕೇಳಿದ. ಸೇಲಂ ಪೇಟೆಯ ಕನ್ನಡದ ಮನೆಯ ಹುಡುಗ, ಹದಿನೆಂಟನೇ ನಂಬರು. ಮೊದಲ ದಿನ ಮಾದಪ್ಪ ಫೋನಿನಲ್ಲಿ ಮುನಿಲಕ್ಷ್ಮಿಯ ಜೊತೆ ಮಾತಾಡುವುದನ್ನು ಕೇಳಿ, ನಮ್ಮ ಮನೇಲೂ ಕನ್ನಡವೇ ಸಾರ್ ಎಂದು ತಾನೇ ಬಂದು ಕೂತವನು. ಏನು ಕಲಿಸಬೇಕೆಂದು ಎತ್ತಿಸಿದ ಚೀಟಿಯಲ್ಲಿ ಬಂದದ್ದು ವಿಂಗ್‌ನಿಂದ ದಾಳಿ. ಬೆಳಿಗ್ಗೆ ಅದನ್ನು ಬಿಚ್ಚಿ ನೋಡಿದಾಗ ಮಾದಪ್ಪನಿಗೆ ದೇವರು ಕಣ್ಣುಬಿಟ್ಟ ಎನ್ನಿಸಿತ್ತು. ಜೀವಮಾನವೆಲ್ಲ ಮಾಡಿದ್ದು ಅದನ್ನೇ ತಾನೆ. "ರೈಟ್ ವಿಂಗು ಅಂದ್ರೆ ಕಣ್ಮುಚ್ಕಂಡು ಏಳ್ಕೊಡ್ತೀನಿ" ಎಂದ. "ರೈಟ್ ಅಂತಿಲ್ಲ ಸಾರ್, ವಿಂಗ್ ಅಂತಿದೆ" ಎಂದು ಭರತ್ ಚೀಟಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ. ಇದೇ ಭರತನ ಹತ್ತಿರ ಎರಡನೆಯ ದಿನ ಊಟದ ಹೊತ್ತಿಗೆ ಮಾದಪ್ಪ ಬಾಯಿ ಬಿಟ್ಟಿದ್ದ: "ಈ ಗೋಪಿನಾಥ ಅವ್ನಲ್ಲ, ನನ್ ಕೈಕೆಳ್ಗೆ ಆಡ್ದೋನೇ. ಕಂಬ ನಿಂತಂಗೆ ನಿಂತಿರೋನು. ಈಗ ನಮ್ಗೇ ಪಾಠ ಏಳ್ತಾನೆ ನೋಡು." ಗೋಪಿನಾಥ ಆಗ ಎರಡು ಮಾರು ದೂರದ ನಲ್ಲಿಯಲ್ಲಿ ತನ್ನ ತಟ್ಟೆ ತೊಳೆಯುತ್ತಿದ್ದ. ಮಾದಪ್ಪ ದನಿ ತಗ್ಗಿಸಿರಲಿಲ್ಲ. ಯಾಕೆ ತಗ್ಗಿಸಬೇಕು, ಕನ್ನಡದಲ್ಲಿ ತಾನೆ ಹೇಳಿದ್ದು. ಭರತ್ ಮಾತ್ರ ಅನ್ನ ಕಲೆಸುತ್ತಾ ತಲೆ ಎತ್ತಿರಲಿಲ್ಲ.

ಹದಿನೇಳನೇ ನಂಬರು ಎಂದು ಕೂಗಿದಾಗ ಎದ್ದ, ಮೊಣಕಾಲು ಲಟಕ್ಕೆಂದಿತು. ಆಟ ಕಲಿಸಬೇಕಾದದ್ದು ಹತ್ತಿರದ ಶಾಲೆಯ ಹನ್ನೆರಡು ಹುಡುಗಿಯರಿಗೆ. ಹದಿಮೂರು ಹದಿನಾಲ್ಕರ ಪ್ರಾಯ, ಎರಡು ಜಡೆ, ಬೆಳಿಗ್ಗೆಯಿಂದ ಹದಿನಾರು ಜನ ಕೋಚುಗಳನ್ನು ಸಹಿಸಿ ಬೇಸತ್ತ ಮುಖಗಳು. ಮೊದಲ ಐದು ನಿಮಿಷ ಚೆನ್ನಾಗಿಯೇ ಹೋಯಿತು. ತಮಿಳು ಅವನಿಗೆ ನೀರು ಕುಡಿದಷ್ಟು ಸಲೀಸು. ಕೋನುಗಳನ್ನಿಟ್ಟು, ಯಾರು ಎಲ್ಲಿ ಎಂದು ತೋರಿಸಿ, ತಾನೇ ಒಂದೆರಡು ಸಲ ಕುಂಟುತ್ತಾ ಓಡಿಯೂ ತೋರಿಸಿದ. ಬಲಗಡೆಯ ಹುಡುಗಿ ಚುರುಕಾಗಿದ್ದಳು. ಚೆಂಡು ಅವಳಿಗೆ ಹೋಗುವುದು, ಅವಳು ಅಂಚಿನಲ್ಲೇ ಸಾಗುವುದು, ಮಾದಪ್ಪನ ಎದೆ ತುಂಬಿಬರುವುದು. ಇಪ್ಪತ್ತು ವರ್ಷದವನಿದ್ದಾಗ ಕಿವಿಯ ಪಕ್ಕ ಸುಯ್ಯೆನ್ನುತ್ತಿದ್ದ ಗಾಳಿ ನೆನಪಾಯಿತು. ಅದೇ ಉಮೇದಿನಲ್ಲಿದ್ದಾಗ ಹುಡುಗಿ ಇದ್ದಕ್ಕಿದ್ದಂತೆ ಒಳಕ್ಕೆ ತಿರುಗಿ ಚೆಂಡನ್ನು ಕಾಲಡಿಯಲ್ಲಿ ಸಿಕ್ಕಿಸಿಕೊಂಡಳು. ಮಾದಪ್ಪ ಕೂಗಿದ: "ಓಗಮ್ಮಾ, ಅಂಚಿನಾಗೇ ಓಗು, ಒಳೀಕ್ಕೆ ಬರ್ಬ್ಯಾಡ." ಹುಡುಗಿ ನಿಂತು ಅವನ ಮುಖ ನೋಡಿದಳು. ಹನ್ನೆರಡು ಜನವೂ ನಿಂತರು. ಅವರು ಯಾಕೆ ನಿಂತರೆಂದು ಅವನಿಗೆ ಹೊಳೆಯಲಿಲ್ಲ. ಕಿವಿ ಕೇಳದವರಿಗೆ ಹೇಳುವಂತೆ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿದ. ಕುರ್ಚಿಗಳ ಕಡೆಯಿಂದ ಕಿಸಕ್ಕೆಂದು ನಗು ಬಂತು. ಆಗ ಎದುರುಗಡೆಯ ಗೆರೆಯಿಂದ, ಏನೂ ವಿಶೇಷ ನಡೆದಿಲ್ಲವೆಂಬಂಥ ದನಿಯಲ್ಲಿ, ಗೋಪಿನಾಥ ಅದನ್ನೇ ತಮಿಳಿನಲ್ಲಿ ಹೇಳಿದ: ಹೋಗಮ್ಮಾ, ಅಂಚಿನಲ್ಲೇ ಹೋಗು, ಒಳಗೆ ಬರಬೇಡ. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ, ಅಮ್ಮಾ ಎಂಬುದನ್ನೂ ಬಿಟ್ಟಿರಲಿಲ್ಲ. ಹುಡುಗಿಯರು ಮತ್ತೆ ಓಡತೊಡಗಿದರು.

ಮಾದಪ್ಪ ವಿಸಿಲನ್ನು ಬಾಯಿಗೆ ಒಯ್ದವನು ಊದದೆ ಕೆಳಗಿಳಿಸಿದ. ಹಾಗಾದರೆ ಇವನಿಗೆ ಕನ್ನಡ ಬರುತ್ತದೆ. ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದವನಿಗೆ ಎಲ್ಲವೂ ಕೇಳಿಸಿದೆ. ಕೇಳಿಸಿಕೊಂಡೂ ಮಾರನೆಯ ದಿನ ವಣಕ್ಕಂ ಸಾರ್ ಎಂದಿದ್ದಾನೆ, ಮೊಣಕಾಲು ಹೇಗಿದೆ ಎಂದು ವಿಚಾರಿಸಿದ್ದಾನೆ. ಯಾವಾಗ ಕಲಿತ? ಚೆನ್ನೈಯಲ್ಲಿ ಬೆಂಗಳೂರಿನವರ ಜೊತೆ ಆಡುತ್ತಾ ಕಲಿತಿರಬೇಕು, ಹೌದು, ಆಮೇಲೆ ಕಲಿತದ್ದೇ ಇರಬೇಕು, ಆಗ ಬರುತ್ತಿರಲಿಲ್ಲ, ಆಗ ಬಂದಿರಲಿಕ್ಕೆ ಸಾಧ್ಯವಿಲ್ಲ. ಬಂದಿದ್ದರೆ ಯಾಕೆ ನಗುತ್ತಿದ್ದ? ಮನಸ್ಸು ಹೀಗೆ ತನ್ನ ಕಡೆಯ ವಕೀಲಿ ಮಾಡುತ್ತಿರುವಾಗಲೇ ಇನ್ನೊಂದು ನೆನಪು ಎದುರು ಬಂದು ನಿಂತಿತು. ಪ್ರಾಕ್ಟೀಸು ಮುಗಿದ ಸಂಜೆಗಳಲ್ಲಿ ಹುಡುಗರನ್ನು ಸುತ್ತ ಕೂರಿಸಿಕೊಂಡು ಚೆನ್ನೈ ಕ್ಯಾಂಪಿನ ಕತೆ ಹೇಳುವುದು ಅವನ ಅಭ್ಯಾಸ. "ಅವ್ನು ಇಂಗ್ಲೀಸ್ನಾಗೆ ಏಳ್ತಾನೆ, ನಂಗೇನ್ಲಾ ತಿಳೀತದೆ. ಕಿವಿ ಇಲ್ದೋನಂಗೆ ನಿಂತಿದ್ದೆ ಕನ್ರಲಾ" ಎನ್ನುವಾಗ ಹುಡುಗರು ಲೊಚಗುಟ್ಟುತ್ತಿದ್ದರು. ಆ ಗುಂಪಿನ ಅಂಚಿನಲ್ಲಿ ಗೋಪಿನಾಥನೂ ಕೂತಿರುತ್ತಿದ್ದ. ಕಿವಿ ಇಲ್ಲದವನ ಹಾಗೆ ನಿಂತವನ ಕತೆಯನ್ನು, ಕಿವಿ ಇಲ್ಲದವನ ಹಾಗೆ ನಿಂತವನ ಎದುರಿಗೇ ವರ್ಷವೆಲ್ಲ ಹೇಳಿದ್ದ. ಒಂದು ದಿನವಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಉಳಿದ ಹತ್ತು ನಿಮಿಷ ಏನು ಹೇಳಿದನೋ, ಎಷ್ಟು ಸಲ ವಿಸಿಲ್ ಊದಿದನೋ ಅವನಿಗೇ ಗೊತ್ತಿಲ್ಲ.

ಇಪ್ಪತ್ತು ನಿಮಿಷ ಮುಗಿದ ಮೇಲೆ ಎಲ್ಲರೆದುರು ನಿಂತು ತನ್ನ ಪಾಠದಲ್ಲಿ ಏನು ಸರಿಹೋಗಲಿಲ್ಲವೆಂದು ತಾನೇ ಹೇಳಬೇಕು, ಅದೂ ಪರೀಕ್ಷೆಯ ಭಾಗ. ಬೆಳಿಗ್ಗೆಯಿಂದ ಹುಡುಗರೆಲ್ಲ ಸುಲಭದ ಉತ್ತರ ಕೊಟ್ಟಿದ್ದರು: ಕೋನುಗಳ ನಡುವೆ ಜಾಗ ಸಾಲಲಿಲ್ಲ, ನೀರು ಕುಡಿಯಲು ಬಿಡುವು ಕೊಡಲಿಲ್ಲ. ಮಾದಪ್ಪನೂ ಅಂಥದ್ದೊಂದನ್ನು ರಾತ್ರಿಯೇ ಸಿದ್ಧಮಾಡಿ ಇಟ್ಟುಕೊಂಡಿದ್ದ. "ಸೊಲ್ಲುಂಗ ಸಾರ್", ಹೇಳಿ, ಎಂದ ಗೋಪಿನಾಥ, ಕಾಗದದ ಮೇಲೆ ಪೆನ್ನು ಊರಿ. ಮಾದಪ್ಪ ತಮಿಳಿನಲ್ಲೇ, ಪರೀಕ್ಷೆಗೆ ಬಂದಿದ್ದ ಉಳಿದ ಇಪ್ಪತ್ತಮೂರು ಜನಕ್ಕೂ ಕೇಳುವಂತೆ ಹೇಳಿದ. ಮಕ್ಕಳಿಗೆ ಬಾರದ ಭಾಷೆಯಲ್ಲಿ ಕೂಗಿದೆ. ಇವತ್ತಷ್ಟೇ ಅಲ್ಲ. ಹದಿನೆಂಟು ವರ್ಷದ ಹಿಂದೆ ನನ್ನ ಟೀಮಿನಲ್ಲಿ ಒಬ್ಬ ಹುಡುಗನಿದ್ದ, ಅವನಿಗೂ ಹೀಗೇ ಮಾಡಿದೆ. ಭಾಷೆ ತಿಳಿಯದೆ ನಿಂತವನನ್ನು ತಲೆಯಿಲ್ಲದವನು ಎಂದು ಬರೆದು ಕಳಿಸಿದೆ. ತಲೆಯಿಲ್ಲದವನು ನಾನು. ಹೇಳಿ ಮುಗಿಸುವಾಗ ದನಿ ನಡುಗಿತು. ಭರತ್ ಕನ್ನಡಕ ತೆಗೆದು ಒರೆಸಿಕೊಂಡ. ಮಾದಪ್ಪನಿಗೆ ಎದೆ ಹಗುರವಾಯಿತು. ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಆದರೆ ತಪ್ಪು ಒಪ್ಪಿಕೊಂಡವನಿಗೆ ಸಲ್ಲುವ ಮರ್ಯಾದೆಗಾಗಿ ಅವನು ಆಗಲೇ ಒಳಗೊಳಗೇ ಕಾಯತೊಡಗಿದ್ದ. ಇಷ್ಟು ಹೇಳಿದವನನ್ನು ಫೇಲ್ ಮಾಡಲು ಯಾರಿಗೆ ಮನಸ್ಸು ಬಂದೀತು ಎಂಬ ಯೋಚನೆಯೂ ಒಂದು ಗಳಿಗೆ ಬಂದು ಹೋಯಿತು, ಅದನ್ನು ಅವನು ತಡೆಯಲಿಲ್ಲ.

ಗೋಪಿನಾಥ ಬರೆದು ಮುಗಿಸಿದ. "ಥ್ಯಾಂಕ್ಯೂ ಸಾರ್" ಎಂದು ತಮಿಳಿನಲ್ಲಿ ಮುಂದುವರಿಸಿದ. "ನಾನು ನೋಡಿದ್ದು ಬೇರೆ. ಲೆಫ್ಟ್ ಕಡೆ ನಿಂತಿದ್ದ ಹುಡುಗಿಗೆ ಇಪ್ಪತ್ತು ನಿಮಿಷದಲ್ಲಿ ಒಂದೇ ಒಂದು ಪಾಸೂ ಹೋಗಲಿಲ್ಲ. ಭಾಷೆ ತಿಳಿದವರಿಗೂ ಆ ಕಡೆ ಆಟವಿಲ್ಲ ನಿಮ್ಮಲ್ಲಿ. ಈ ಸಲ ಆಗುವುದಿಲ್ಲ ಸಾರ್. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ." ಕಾಗದ ತಿರುಗಿಸಿ ಕೊಟ್ಟ. ಮಾದಪ್ಪ ಸಹಿ ಮಾಡಿದ. ಮೂರು ತಿಂಗಳೆಂದರೆ ಜೂನ್ ದಾಟಿ ಹೋಗುತ್ತದೆ. ಶಾಲೆಯಲ್ಲಿ ಬೇರೆ ಯಾರೋ ವಿಸಿಲ್ ಹಾಕಿಕೊಂಡು ನಿಂತಿರುತ್ತಾರೆ, ಕರೆಸ್ಪಾಂಡೆಂಟ್ ಮತ್ತೊಂದು ಟೀ ತರಿಸುತ್ತಾರೆ, ಮುನಿಲಕ್ಷ್ಮಿ ಓಗ್ಲಿ ಬುಡಿ ಎಂದು ಹೇಳಿ ಒಳಕ್ಕೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆಯುತ್ತಾಳೆ. ಇದೆಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಟೀಗೆ ಬಿಡುವು ಕೊಟ್ಟರು. ಎಲ್ಲರೂ ಮರದ ಕಡೆ ಹೋದರು. ಹರಡಿದ ಕೋನುಗಳನ್ನು ಎತ್ತದೆ ಮೈದಾನ ಬಿಟ್ಟು ಬಂದು ಮಾದಪ್ಪನಿಗೆ ಅಭ್ಯಾಸವಿಲ್ಲ. ಬಗ್ಗಿ ಬಗ್ಗಿ ಎತ್ತುತ್ತಾ ಎಡಗಡೆಯ ಗೆರೆಯವರೆಗೆ ಬಂದ. ಆ ತುದಿಯಿಂದ ಗೋಪಿನಾಥನೂ ಎತ್ತುತ್ತಾ ಬಂದಿದ್ದ. ಇಬ್ಬರ ನಡುವೆ ಎರಡೇ ಕೋನು ಉಳಿದಾಗ ಮಾದಪ್ಪ ಕೇಳಿದ, "ಕನ್ನಡ ಎಲ್ಲಿ ಕಲ್ತೆಯಪ್ಪಾ?"

ಆರು ದಿನದಲ್ಲಿ ಮೊದಲ ಸಲ ಸಾರ್ ಬಿಟ್ಟು ಕೇಳಿದ್ದ. ಗೋಪಿನಾಥ ಅದನ್ನು ಗಮನಿಸಿದನೋ ಇಲ್ಲವೋ, ಕೋನನ್ನು ಕೋನಿನೊಳಗೆ ಸೇರಿಸುತ್ತಾ ಹೇಳಿದ: "ಆಗ್ಲೇ ಸಾರ್. ಪೊಂಗಲ್ ಅಬ್ಬದೊಳ್ಗೆ ಎಲ್ಲಾ ಅರ್ತ ಆಗ್ತಿತ್ತು."

ಅದು ಭರತನ ಪೇಟೆಯ ಕನ್ನಡವಾಗಿರಲಿಲ್ಲ. ಮಾದಪ್ಪನ ಊರಿನದೇ, ಅವನ ಬಾಯಿಂದಲೇ ಬಿದ್ದಂಥದ್ದು. "ಯಾರು ಏಳ್ಕೊಟ್ರು?" ಎಂದ.

"ನೀವೇ. ಬ್ಯಾರೆಯೋರ್ಗೆ ಏಳ್ತಿದ್ರಲ್ಲ, ಕೇಳ್ಕಂತಿದ್ದೆ."

ಈಗಷ್ಟೇ ಎಲ್ಲರೆದುರು ನಡುಗುವ ದನಿಯಲ್ಲಿ ಒಪ್ಪಿಕೊಂಡ ತಪ್ಪು ಕೈಯಿಂದ ಜಾರಿತು. ಭಾಷೆ ತಿಳಿಯದೆ ನಿಂತಿದ್ದಲ್ಲ ಹಾಗಾದರೆ. ಬಾವುಟದ ಕೋಲು ಎಂದಾಗ ತಿಳಿದೇ ನಕ್ಕದ್ದು. ಮಾದಪ್ಪನಿಗೆ ಕೇಳಲು ಹೆದರಿಕೆಯಾಯಿತು, ಕೇಳದಿರಲೂ ಆಗಲಿಲ್ಲ. "ಅರ್ತ ಆದ್ಮ್ಯಾಲೂ ಯಾಕಪ್ಪಾ ಓಡ್ದೆ ನಿಂತೇ ಇದ್ದೆ?"

ಗೋಪಿನಾಥ ಬಗ್ಗಿ ಕೊನೆಯ ಕೋನನ್ನು ಎತ್ತಿಕೊಂಡ. ಮುಖದಲ್ಲಿ ಸಿಟ್ಟಿರಲಿಲ್ಲ. "ಪಳನಿ ಓಡು ಅಂತಿದ್ರಿ, ಸಕ್ತಿವೇಲು ಓಡು ಅಂತಿದ್ರಿ. ನನ್ ಎಸ್ರೂ ಬರ್ಲಿ, ಓಡಾನ ಅಂತ ನಿಂತಿದ್ದೆ ಸಾರ್" ಎಂದು ಕೋನುಗಳನ್ನು ಕಂಕುಳಲ್ಲಿರಿಸಿಕೊಂಡು ಮರದ ಕಡೆ ಹೊರಟ.

ಹತ್ತು ಹೆಜ್ಜೆ ಹೋಗುವವರೆಗೆ ಮಾದಪ್ಪ ನೋಡಿದ. ಆಮೇಲೆ "ಗೋಪಿನಾಥ್" ಎಂದು ಕೂಗಿದ. ದನಿ ಮೈದಾನಕ್ಕೆಲ್ಲ ಕೇಳಿಸಿತು, ಟೀ ಕುಡಿಯುತ್ತಿದ್ದವರು ತಿರುಗಿದರು. ಗೋಪಿನಾಥ ನಿಂತ, ಇತ್ತ ತಿರುಗಿದ. ಕೂಗಿದ ಮೇಲೆ ಏನು ಹೇಳಬೇಕೆಂದು ಮಾದಪ್ಪನಿಗೆ ತಿಳಿಯಲಿಲ್ಲ. ಗೋಪಿನಾಥ ನಿಂತೇ ಇದ್ದ.